ಮೊದಲ ಸಲ ಸೆಕೆಂಡ್ ಹ್ಯಾಂಡ್ ಸೂಪರ್‌ಕಾರ್: ಎಫ್430, ಗಲ್ಲಾರ್ಡೊ, 997 ಟರ್ಬೊ. ಯಾವುದಕ್ಕೆ ಕೈ ಹಾಕಲಿ?

ಮೂರನೇಗೇರ್

ಎಲ್ಲರಿಗೂ ನಮಸ್ಕಾರ. ಬಹಳ ವರ್ಷಗಳಿಂದ ಕೂಡಿಟ್ಟ ಹಣ ಈಗ ಒಂದು ಹಳೆಯ ಸೂಪರ್‌ಕಾರಿಗೆ ಸಾಕಾಗುವಷ್ಟಾಗಿದೆ. ಹೊಸದರ ಮಾತೇ ಬೇಡ, ಅದು ನಮಗಲ್ಲ. ಪಟ್ಟಿ ಸೋಸಿ ಸೋಸಿ ಮೂರಕ್ಕೆ ತಂದಿದ್ದೇನೆ. ಫೆರಾರಿ ಎಫ್430 (ಎಫ್1 ಗೇರ್‌ಬಾಕ್ಸ್), ಲ್ಯಾಂಬೋರ್ಗಿನಿ ಗಲ್ಲಾರ್ಡೊ (ಮೊದಲ 5 ಲೀಟರ್‌ನದು, ಇ-ಗೇರ್ ಅಂದರೆ ಪ್ಯಾಡಲ್‌ನಿಂದ ಬದಲಿಸುವ ಗೇರ್), ಪೋರ್ಷೆ 911 ಟರ್ಬೊ (997).

ವಾರದ ದಿನಗಳಿಗೆ ಬೇರೆ ಕಾರಿದೆ. ಇದು ರಜಾದಿನದ ಬೆಳಿಗ್ಗೆ ಓಡಿಸಲು ಮಾತ್ರ. ಆಯಿಲ್, ಬ್ರೇಕ್ ಪ್ಯಾಡ್ ನಾನೇ ಬದಲಾಯಿಸಬಲ್ಲೆ, ಅದಕ್ಕಿಂತ ಹೆಚ್ಚು ಗೊತ್ತಿಲ್ಲ.

ಸದ್ಯ ಕಣ್ಣಿಗೆ ಬಿದ್ದಿರುವುದು 2006ರ ಕೆಂಪು ಎಫ್430. 18,000 ಕಿ.ಮೀ. ಓಡಿದೆ, ಮೂವರು ಮಾಲೀಕರು. "ಒಂದು ಕೆಲಸವೂ ಇಲ್ಲ, ಕೀ ತಿರುಗಿಸಿ ಓಡಿಸೋದಷ್ಟೇ" ಅನ್ನುತ್ತಾರೆ ಮಾರುವವರು. ಫೋಟೋದಲ್ಲಂತೂ ಮಿರಮಿರ ಮಿಂಚುತ್ತಿದೆ.

ಕೊಂಡ ಮೇಲೆ ಎಷ್ಟು ಹಣ ಪಕ್ಕಕ್ಕಿಟ್ಟಿರಬೇಕು? ಕೊಳ್ಳುವ ಮುಂಚೆ ಹೊರಗಿನವರಿಂದ ತಪಾಸಣೆ ಮಾಡಿಸುವುದು ನಿಜವಾಗಿ ಬೇಕಾ, ಇಲ್ಲ ಸುಮ್ನೆ ಖರ್ಚಾ?

ರೆಡ್‌ಲೈನ್

ಎಫ್430. ಬೇರೆ ಮಾತೇ ಇಲ್ಲ. 8,500 ಆರ್‌ಪಿಎಂವರೆಗೆ ಕಿರುಚುವ ವಿ8. ಒಂದು ಸಲ ಕೇಳಿ, ಆಮೇಲೆ ಬಂದು ಪೋರ್ಷೆ ಬಗ್ಗೆ ಮಾತಾಡಿ.

ಲೆಕ್ಕಿಗ

ಮೂರನೇಗೇರ್ ಅವರೇ, ಒಂದು ವಿಷಯ ಮೊದಲೇ ತಲೆಯಲ್ಲಿ ಕೂರಿಸಿಕೊಳ್ಳಿ. ಕಾರಿನ ಬೆಲೆ ಅರ್ಧಕ್ಕೆ ಇಳಿದಿರಬಹುದು. ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಕ್ಲಚ್ ಆಗಲಿ, ಹೆಡ್‌ಲೈಟ್ ಆಗಲಿ, ಸೆರಾಮಿಕ್ ಡಿಸ್ಕ್ ಆಗಲಿ, ಹೊಸ ಕಾರಿನ ಬೆಲೆಗೆ ತಕ್ಕ ಬಿಲ್ಲೇ ಬರುವುದು. ಶೋರೂಮಿನಿಂದ ಹೊಸದು ತಂದವನಿಗೂ ನಿಮಗೂ ಅಲ್ಲಿ ರಿಯಾಯಿತಿ ವ್ಯತ್ಯಾಸ ಏನೂ ಇಲ್ಲ.

ನನ್ನ ಲೆಕ್ಕ: ಕೊಳ್ಳುವ ಬೆಲೆಯ ಶೇ. 15ರಷ್ಟನ್ನು ಮೊದಲ ವರ್ಷಕ್ಕೆ ಬೇರೆ ಖಾತೆಯಲ್ಲಿಡಿ. ಖರ್ಚಾಗದಿದ್ದರೆ ಒಳ್ಳೆಯದೇ. ಆ ದುಡ್ಡನ್ನೂ ಸೇರಿಸಿ ಇನ್ನೊಂದು ಚೂರು ದುಬಾರಿ ಕಾರ್ ಕೊಳ್ಳುವ ಆಸೆ ಬಂದೇ ಬರುತ್ತದೆ. ಮಾಡಬೇಡಿ.

ರಾತ್ರಿಪಾಳಿ

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅಂತ ಇದಕ್ಕೇ ಹೇಳಿದ್ದು. 😄 ತಮಾಷೆಗೆ ಹೇಳಿದೆ ಸರ್, ಕೊಳ್ಳಿ, ಕೊಂಡು ಫೋಟೋ ಹಾಕಿ.

ಸ್ಪ್ಯಾನರ್

ಈ ಕಾರುಗಳ ಕೆಳಗೆ ಮಲಗಿಯೇ ಜೀವನ ಮಾಡಿದವನು ನಾನು. ಮೂರರಲ್ಲಿ ಎಫ್430 ಬಗ್ಗೆ ಹೇಳುತ್ತೇನೆ, ಮಿಕ್ಕವಕ್ಕೆ ಬೇರೆಯವರು ಇದ್ದಾರೆ.

ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಅದರಲ್ಲಿ ಟೈಮಿಂಗ್ ಚೈನ್ ಇದೆ, ಅಂದರೆ ಎಂಜಿನ್ ವಾಲ್ವ್‌ಗಳು ಸರಿಯಾದ ಹೊತ್ತಿಗೆ ತೆರೆಯುವಂತೆ ಮಾಡುವ ಸರಪಳಿ. ಅದಕ್ಕಿಂತ ಮುಂಚಿನ 360 ಮೊಡೆನಾದಲ್ಲಿದ್ದದ್ದು ಬೆಲ್ಟ್. ಓಡಿಸಿ, ಓಡಿಸದೇ ಇರಿ, ಮೂರು ವರ್ಷಕ್ಕೊಮ್ಮೆ ಬದಲಾಯಿಸಲೇಬೇಕು. ಅದಕ್ಕೂ ಹಿಂದಿನ ಎಫ್355ರಲ್ಲಿ ಬೆಲ್ಟ್ ಬದಲಿಸಲು ಎಂಜಿನ್ನನ್ನೇ ಕೆಳಗಿಳಿಸಬೇಕಿತ್ತು. 430ರಲ್ಲಿ ಆ ಕಾಟ ತಪ್ಪಿತು.

ಇನ್ನು ಕಾಯಿಲೆ. ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನಿಂದ ಹೊಗೆ ಹೊರಗೆ ಒಯ್ಯುವ ಪೈಪುಗಳ ಜೋಡಣೆ) ಬಿರುಕು ಬಿಡುವುದು ಈ ಮಾಡೆಲ್‌ನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಅದಕ್ಕೇ ಕಾರನ್ನು ತಣ್ಣಗಿರುವಾಗಲೇ ನೋಡಬೇಕು. ನೀವು ಹೋಗುವ ಹೊತ್ತಿಗೆ ಎಂಜಿನ್ ಕವರ್ ಮೇಲೆ ಕೈ ಇಡಿ. ಬೆಚ್ಚಗಿದ್ದರೆ, "ಇನ್ನೊಂದು ದಿನ ಬರುತ್ತೇನೆ, ಮುಟ್ಟದೆ ಇಟ್ಟಿರಿ" ಅಂತ ಹೇಳಿ ಬನ್ನಿ. ತಣ್ಣಗಿದ್ದರೆ ಸ್ಟಾರ್ಟ್ ಮಾಡಿಸಿ ಹಿಂಭಾಗದಲ್ಲಿ ಬಗ್ಗಿ ನಿಂತು ಕಿವಿ ಕೊಡಿ. ಒಂದು ಪಕ್ಕದಿಂದ ಟಿಕ್ ಟಿಕ್ ಟಿಕ್ ಅಂತ ಬಂದು, ಎಂಜಿನ್ ಬಿಸಿಯಾಗುತ್ತಿದ್ದಂತೆ ಮಾಯವಾಯಿತು ಅಂದುಕೊಳ್ಳಿ. ಖುಷಿಪಡಬೇಡಿ. ಲೋಹ ಹಿಗ್ಗಿ ಬಿರುಕು ಮುಚ್ಚಿಕೊಂಡಿದೆ, ಅಷ್ಟೇ. ಮ್ಯಾನಿಫೋಲ್ಡ್ ಸುತ್ತ ಶಾಖ ತಡೆಯುವ ಹೊದಿಕೆ ಇರುವುದರಿಂದ ಬಿರುಕು ಕಣ್ಣಿಗೆ ಬೀಳುವುದಿಲ್ಲ. ಹಾಗೇ ಬಿಟ್ಟರೆ ಒಳಗಿನ ಚೂರುಗಳು ಎಂಜಿನ್ನಿಗೆ ಹೋಗಿ ದೊಡ್ಡ ಅನಾಹುತ ಮಾಡಬಹುದು.

ಒಳಗಿನ ಸ್ವಿಚ್‌ಗಳನ್ನು ಮುಟ್ಟಿ ನೋಡಿ. ಆ ಕಾಲದ ರಬ್ಬರ್ ಲೇಪ ವರ್ಷ ಕಳೆದಂತೆ ಅಂಟಂಟಾಗಿ ಬೆರಳಿನ ಗುರುತು ಅದರಲ್ಲೇ ಉಳಿದುಬಿಡುತ್ತದೆ. ಡ್ಯಾಶ್‌ಬೋರ್ಡಿನ ಚರ್ಮ ಗಾಜಿನ ಹತ್ತಿರ ಕುಗ್ಗಿ ಎದ್ದಿರುತ್ತದೆ. ಇವು ಓಡಿಸಲು ಅಡ್ಡಿಯಲ್ಲ, ಚೌಕಾಸಿಗೆ ಒಳ್ಳೆಯ ವಿಷಯ.

ತಪಾಸಣೆ ಬೇಕಾ ಅಂತ ಕೇಳಿದ್ದೀರಿ. ಬೇಕು. ಅದೂ ಆ ಮಾಡೆಲ್ ಗೊತ್ತಿರುವವರಿಂದ, ಕಾರಿನ ಕಂಪ್ಯೂಟರ್ ಓದುವ ಸರಿಯಾದ ಟೆಸ್ಟರ್ ಇರುವವರಿಂದ. ಮತ್ತೆ, ಮಾರುವವರು ತೋರಿಸಿದ ಗ್ಯಾರೇಜಿನಲ್ಲಿ ಅಲ್ಲ.

ಫ್ಲಾಟ್‌ಸಿಕ್ಸ್

ಬುದ್ಧಿವಂತರು 997 ಟರ್ಬೊ ಕೊಳ್ಳುತ್ತಾರೆ. ಕಾರಣ ಹೇಳುತ್ತೇನೆ.

2006ರಿಂದ 2009ರವರೆಗಿನ 997 ಟರ್ಬೊದಲ್ಲಿರುವುದು ಮೆಟ್ಸ್‌ಗರ್ ಅನ್ನುವ, ಸಾಮಾನ್ಯ 911ಗಿಂತ ಬೇರೆ ವಿನ್ಯಾಸದ ಎಂಜಿನ್. ಜನ 911 ಅಂದ ತಕ್ಷಣ "ಐಎಂಎಸ್ ಬೇರಿಂಗ್" (ಎಂಜಿನ್ ಒಳಗಿನ ಒಂದು ಬೇರಿಂಗ್, ಅದು ಹೋದರೆ ಎಂಜಿನ್ನೇ ಹಾಳು) ಅಂತ ಹೆದರಿಸುತ್ತಾರಲ್ಲ, ಆ ಸಮಸ್ಯೆ ಇದಕ್ಕಿಲ್ಲ. ಅದು 996 (997ಕ್ಕಿಂತ ಹಿಂದಿನ ತಲೆಮಾರಿನ 911) ಮತ್ತು ಮೊದಲ 997ರ ಸಾಮಾನ್ಯ ಕ್ಯಾರೆರಾಗಳ ಕಥೆ. 3.6 ಲೀಟರ್, 480 ಹಾರ್ಸ್‌ಪವರ್, ನಾಲ್ಕೂ ಚಕ್ರಕ್ಕೆ ಶಕ್ತಿ, ಹಿಂದೆ ಮಕ್ಕಳನ್ನು ಕೂರಿಸಲು ಎರಡು ಸೀಟು, ಮುಂದೆ ಸಾಮಾನಿಗೆ ಜಾಗ. ಮಳೆಯಲ್ಲೂ ಧೈರ್ಯವಾಗಿ ಓಡಿಸಬಹುದು.

ನೋಡಬೇಕಾದದ್ದು ಕೂಲೆಂಟ್ ಪೈಪುಗಳನ್ನು. ಫ್ಯಾಕ್ಟರಿಯಲ್ಲಿ ಅಂಟು ಹಾಕಿ ಕೂರಿಸಿದ ಜೋಡಣೆಗಳು ವಯಸ್ಸಾದ ಮೇಲೆ ಕಳಚಿಕೊಳ್ಳುತ್ತವೆ. ವೇಗದಲ್ಲಿದ್ದಾಗ ಕಳಚಿದರೆ ಕೂಲೆಂಟ್ ಎಲ್ಲಾ ಹಿಂದಿನ ಟೈರಿನ ಮುಂದೆ. ವೆಲ್ಡ್ ಮಾಡಿಸಿದ್ದಾರೋ ಪಿನ್ ಹಾಕಿಸಿದ್ದಾರೋ, ಬಿಲ್ ಸಮೇತ ಕೇಳಿ.

ಮ್ಯಾನ್ಯುಯಲ್ ಆದರೆ ಓವರ್‌ರೆವ್ ವರದಿ ತೆಗೆಸಿ. ಕೆಂಪು ಗೆರೆ ದಾಟಿ ಎಂಜಿನ್ ಎಷ್ಟು ತಿರುಗಿದೆ ಅನ್ನುವುದನ್ನು ಕಾರಿನ ಕಂಪ್ಯೂಟರ್ 6 ಹಂತಗಳಲ್ಲಿ ಬರೆದಿಡುತ್ತದೆ. ಯಾವ ಎಂಜಿನ್ ಗಂಟೆಯಲ್ಲಿ ಆಯಿತು ಅನ್ನುವುದೂ ಇರುತ್ತದೆ. ಕೆಳಗಿನ ಹಂತಗಳಲ್ಲಿ ಸಂಖ್ಯೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಮೇಲಿನ ಹಂತಗಳಲ್ಲಿ, ಅದೂ ಇತ್ತೀಚೆಗೆ, ಇದ್ದರೆ ಯಾರೋ ಐದಕ್ಕೆ ಹಾಕಲು ಹೋಗಿ ಮೂರಕ್ಕೆ ಹಾಕಿದ್ದಾರೆ ಅಂತ ಅರ್ಥ.

ರೆಡ್‌ಲೈನ್

> ಹಿಂದೆ ಮಕ್ಕಳನ್ನು ಕೂರಿಸಲು ಎರಡು ಸೀಟು, ಮುಂದೆ ಸಾಮಾನಿಗೆ ಜಾಗ

ಸೂಪರ್‌ಕಾರ್ ಕೇಳಿದವರಿಗೆ ವ್ಯಾನ್ ಮಾರುತ್ತಿದ್ದೀರಲ್ಲ ಗುರುಗಳೇ.

ಫ್ಲಾಟ್‌ಸಿಕ್ಸ್

ಆ ವ್ಯಾನ್ ಸಿಗ್ನಲ್ ಬಿಟ್ಟ ಕೂಡಲೇ ನಿಮ್ಮ ಕಿರುಚುವ ವಿ8 ಅನ್ನು ಹಿಂದೆ ಹಾಕುತ್ತದೆ. ಅಂಕಿಅಂಶ ಬೇಕಾ?

ರೆಡ್‌ಲೈನ್

ಬೇಡ. ಅಂಕಿಅಂಶ ನೋಡಿ ಯಾರಾದರೂ ಪ್ರೀತಿಸುತ್ತಾರಾ?

ಹತ್ತುಸಿಲಿಂಡರ್

ಗಲ್ಲಾರ್ಡೊ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ. 2003ರಿಂದ 2013ರವರೆಗೆ 14,022 ಕಾರು ತಯಾರಾದವು. ಹಾಗಾಗಿ ಬಿಡಿಭಾಗ ಸಿಗುತ್ತವೆ, ಗೊತ್ತಿರುವ ಮೆಕ್ಯಾನಿಕ್‌ಗಳೂ ಸಿಗುತ್ತಾರೆ. ಆಡಿ ಕೈಗೆ ಬಂದ ಮೇಲೆ ತಯಾರಾದ ಕಾರು, ಎಲೆಕ್ಟ್ರಿಕ್ ಕೆಲಸ ಅಚ್ಚುಕಟ್ಟು.

ಆದರೆ ಇ-ಗೇರ್ ಕ್ಲಚ್ ಪೂರ್ತಿ ಓಡಿಸುವವನ ಕೈಯಲ್ಲಿದೆ. ಟ್ರಾಫಿಕ್‌ನಲ್ಲಿ ತೆವಳಿಸಿದರೆ, ಏರಿನಲ್ಲಿ ರಿವರ್ಸ್ ಹಾಕಿದರೆ, ಅದು ಹೋಯಿತು ಅಂತಲೇ ಲೆಕ್ಕ. ಹೊರಗಿನಿಂದ ನೋಡಿ ಏನೂ ಗೊತ್ತಾಗುವುದಿಲ್ಲ, ಟೆಸ್ಟರ್ ಹಾಕಿಯೇ ಓದಬೇಕು.

ಇನ್ನೊಂದು ಜನ ಮರೆಯುವುದು ಟೈರ್. ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಕಾರಿದು, ಮುಂದಿನ ಚಕ್ರಕ್ಕೆ ಶಕ್ತಿ ಹಂಚುವ ವಿಸ್ಕಸ್ ಕಪ್ಲಿಂಗ್ ಇದೆ. ಹಿಂದೆ ಹೊಸ ಟೈರ್, ಮುಂದೆ ಸವೆದದ್ದು, ಅದೂ ಬೇರೆ ಬ್ರ್ಯಾಂಡ್ ಹಾಕಿಕೊಂಡು ಓಡಿಸಿದರೆ ಆ ಕಪ್ಲಿಂಗ್ ಸುಮ್ಮನೆ ದುಡಿದು ಹಾಳಾಗುತ್ತದೆ.

ಸುಮ್ನೆಓದುಗ

ಆರ್8 ಯಾಕೆ ಬೇಡ? ಗಲ್ಲಾರ್ಡೊದ ಸೋದರನೇ ಅಲ್ವಾ ಅದು?

ಹತ್ತುಸಿಲಿಂಡರ್

ಹೌದು, ಹತ್ತಿರದ ಸಂಬಂಧ. 5.2 ವಿ10 ಆರ್8 ನೋಡಿದರೆ ಅದರ ಎಂಜಿನ್ ಎಲ್‌ಪಿ560ರ (ನಂತರ ಬಂದ ಗಲ್ಲಾರ್ಡೊ) ಮನೆತನದ್ದೇ. 4.2 ವಿ8 ಇನ್ನೂ ಸೌಮ್ಯ. ಮ್ಯಾಗ್ನೆಟಿಕ್ ಶಾಕ್‌ಗಳು ಸೋರುತ್ತವೆ, ಅದನ್ನು ನೋಡಿಕೊಂಡರೆ ಮೊದಲ ಸಲಕ್ಕೆ ಅದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ. ಒಂದೇ ತೊಂದರೆ: ಪಾರ್ಕ್ ಮಾಡಿ ಹೋಗುವಾಗ ಹಿಂದಿರುಗಿ ನೋಡುತ್ತೇವಲ್ಲ, ಲ್ಯಾಂಬೋರ್ಗಿನಿಯನ್ನು ಎರಡು ಸಲ ನೋಡುತ್ತೇವೆ.

ಮೂರನೇಗೇರ್

ಎಲ್ಲರಿಗೂ ಧನ್ಯವಾದ. ಆರ್8 ಮನಸ್ಸಿಗೆ ಹತ್ತುತ್ತಿಲ್ಲ, ತಪ್ಪು ತಿಳಿಯಬೇಡಿ.

ಆ ಕೆಂಪು ಎಫ್430 ಮಾಲೀಕರು ಒಂದಷ್ಟು ಕಾಗದ ಕಳಿಸಿದ್ದಾರೆ. ಕ್ಲಚ್ ಸವೆತ ಶೇ. 12 ಅಂತ ಒಂದು ಪ್ರಿಂಟ್ ಇದೆ. ಒಳ್ಳೆಯದೇ ಅಲ್ವಾ? ಹಳೆಯ ಬಿಲ್ಲುಗಳಲ್ಲಿ ಒಂದು 2013ರದ್ದು, ಆಗ 17,400 ಕಿ.ಮೀ. ಅಂತ ಬರೆದಿದೆ. ಟೈರ್ ಹೊಸದು ಅನ್ನುತ್ತಾರೆ. ಪಕ್ಕದಿಂದ ತೆಗೆದ ಫೋಟೋ ಹಿಗ್ಗಿಸಿ ನೋಡಿದರೆ ಮುಂದಿನ ಟೈರಿನ ಮೇಲೆ 1412 ಅಂತ ಕಾಣುತ್ತದೆ. ಅದು ಏನು?

ಲೆಕ್ಕಿಗ

1412 ಅಂದರೆ 2012ನೇ ಇಸವಿಯ 14ನೇ ವಾರ. ಟೈರ್ ತಯಾರಾದ ದಿನಾಂಕ ಅದು. "ಹೊಸದು" ಅನ್ನುವುದು ಪಟ್ಟಿ ಆಳವಾಗಿದೆ ಅನ್ನುವ ಅರ್ಥದಲ್ಲಿ ಇರಬೇಕು. ಆ ವಯಸ್ಸಿನ ರಬ್ಬರ್ ಗಟ್ಟಿಯಾಗಿರುತ್ತದೆ, ಸುಮಾರು 490 ಹಾರ್ಸ್‌ಪವರ್ ಅದರ ಮೇಲೆ ಬಿಟ್ಟರೆ ನಿಮ್ಮನ್ನು ದೇವರೇ ಕಾಯಬೇಕು.

ಇನ್ನೂ ದೊಡ್ಡದು ಬೇರೆ ಇದೆ. 2013ರಲ್ಲಿ 17,400, ಈಗ 18,000. ಇಷ್ಟು ವರ್ಷದಲ್ಲಿ 600 ಕಿ.ಮೀ. ಒಂದೋ ಕಾರು ಮೂಲೆಯಲ್ಲಿ ಕೂತಿತ್ತು, ಇಲ್ಲವೇ ಮೀಟರ್ ಕೂತಿತ್ತು. ಎರಡರಲ್ಲಿ ಯಾವುದಾದರೂ ನಿಮಗೆ ಒಳ್ಳೆಯದಲ್ಲ.

ಸ್ಪ್ಯಾನರ್

ಕ್ಲಚ್‌ನ ಶೇ. 12 ಬಗ್ಗೆ ಹೇಳುತ್ತೇನೆ. ಎಫ್1 ಗೇರ್‌ಬಾಕ್ಸ್ ಅಂದರೆ ಆಟೊಮ್ಯಾಟಿಕ್ ಅಲ್ಲ. ಸಾಮಾನ್ಯ ಮ್ಯಾನ್ಯುಯಲ್ ಪೆಟ್ಟಿಗೆ, ಒಂದೇ ಕ್ಲಚ್. ಪೆಡಲ್ ತುಳಿಯುವ ಕೆಲಸವನ್ನು ಹೈಡ್ರಾಲಿಕ್ ಪಂಪ್ ಮಾಡುತ್ತದೆ. ಹೊಸ ಕ್ಲಚ್ ಹಾಕಿದಾಗ ಅದರ ಸ್ಥಾನವನ್ನು ಕಂಪ್ಯೂಟರಿಗೆ ಕಲಿಸಬೇಕು. ಸವೆತದ ಲೆಕ್ಕ ಅಲ್ಲಿಂದ ಶುರು. ಕಲಿಸದಿದ್ದರೆ, ಅಥವಾ ಹಳೆಯ ಕ್ಲಚ್ ಮೇಲೇ ಮತ್ತೆ "ಹೊಸದು" ಅಂತ ಕಲಿಸಿಬಿಟ್ಟರೆ, ಬರುವ ಶೇಕಡಾವಾರು ಬರೀ ಸುಳ್ಳು. ಜೊತೆಗೆ ಪಿಐಎಸ್ ಅಂತ ಒಂದು ಅಂಕಿ ಇರುತ್ತದೆ, ಕ್ಲಚ್ ಕಚ್ಚಲು ಶುರುವಾಗುವ ಜಾಗ. ಅದು ಸರಿ ಇಲ್ಲದಿದ್ದರೆ ಕಾರು ಹೊರಡುವಾಗ ನಡುಗುತ್ತದೆ, ಕ್ಲಚ್ ಬೇಗ ಸುಡುತ್ತದೆ.

ಹಾಗಾಗಿ ಕಳಿಸಿದ ಪ್ರಿಂಟ್ ನೋಡಿ ನಂಬಬೇಡಿ. ನಿಮ್ಮ ಮುಂದೆಯೇ ಓದಿಸಿ. ಕ್ಲಚ್ ಯಾವಾಗ, ಎಷ್ಟು ಕಿ.ಮೀ.ಗೆ ಹಾಕಿದ್ದು ಅನ್ನುವ ಬಿಲ್ ಜೊತೆ ತಾಳೆ ನೋಡಿ.

ಗೇಟೆಡ್

ಅದಕ್ಕೇ ನಾನು ಹೇಳುವುದು, ಮ್ಯಾನ್ಯುಯಲ್ ತಗೊಳ್ಳಿ. ಲೋಹದ ಗೇಟ್‌ನಲ್ಲಿ ಗೇರ್ ಲಿವರ್ ಕ್ಲಿಕ್ ಅನ್ನುವ ಸದ್ದು ಯಾವ ಪ್ಯಾಡಲ್‌ನಿಂದಲೂ ಬರುವುದಿಲ್ಲ. 430ರ ನಂತರ ಬಂದ 458ರಲ್ಲಿ ಮ್ಯಾನ್ಯುಯಲ್ ಕೊಡಲೇ ಇಲ್ಲ. ಹಾಗಾಗಿ ಇರುವವಕ್ಕೆ ಬೆಲೆ ಏರುತ್ತಲೇ ಇದೆ.

ಲೆಕ್ಕಿಗ

ಏರುತ್ತಲೇ ಇರುವುದರಿಂದಲೇ ಅವರ ಬಜೆಟ್‌ಗೆ ಸಿಗುವುದಿಲ್ಲ ಸ್ವಾಮಿ. ಅವರು ಎಫ್1 ಅಂತ ಬರೆದಿದ್ದು ಆಸೆಯಿಂದಲ್ಲ.

ಗೇಟೆಡ್

ಎಫ್1 ಅನ್ನು ಮ್ಯಾನ್ಯುಯಲ್‌ಗೆ ಬದಲಾಯಿಸಿಕೊಡುವವರೂ ಇದ್ದಾರೆ.

ಸ್ಪ್ಯಾನರ್

ಇದ್ದಾರೆ. ಮಾಡಿಸಿದ ಮೇಲೆ ಅದು ಮೂಲ ಕಾರಲ್ಲ, ಮಾರುವಾಗ ಅರ್ಧ ಜನ ಮೂಗು ಮುರಿಯುತ್ತಾರೆ. ಮೊದಲ ಕಾರಿಗೆ ಇಂಥ ಸಾಹಸ ಬೇಡ.

ಬಿಸಿಲುಗುದುರೆ

ನನ್ನದೊಂದು ಬೇರೆ ಅಭಿಪ್ರಾಯ. ಕಡಿಮೆ ಓಡಿದೆ ಅಂತ ಯಾಕೆ ಎಲ್ಲರೂ ಹೆದರಿಸುತ್ತೀರಿ? 18,000 ಕಿ.ಮೀ. ಕಾರನ್ನು ನಾಳೆ ಮಾರಿದರೂ ಒಳ್ಳೆಯ ಬೆಲೆ ಸಿಗುತ್ತದೆ. 50,000 ಓಡಿದ್ದನ್ನು ಯಾರೂ ಮೂಸಿ ನೋಡುವುದಿಲ್ಲ.

ಸ್ಪ್ಯಾನರ್

ನಿಂತ ಕಾರಿನಲ್ಲಿ ಏನಾಗುತ್ತದೆ ಅಂತ ಹೇಳಲಾ? ಸೀಲುಗಳು ಒಣಗುತ್ತವೆ. ಬ್ರೇಕ್ ಎಣ್ಣೆ ತೇವ ಹೀರುತ್ತದೆ. ಪೆಟ್ರೋಲ್ ಹಳಸುತ್ತದೆ. ಟೈರ್ ಒಂದೇ ಜಾಗದಲ್ಲಿ ಚಪ್ಪಟೆಯಾಗುತ್ತದೆ. ರಬ್ಬರ್ ಹೋಸ್‌ಗಳು ಗಟ್ಟಿಯಾಗುತ್ತವೆ. ಇಷ್ಟೂ ಕಾರು ನಿಂತಿರುವಾಗ ಕಾಣುವುದಿಲ್ಲ. ನೀವು ಕೊಂಡು ನಾಲ್ಕು ಸಲ ಜೋರಾಗಿ ಓಡಿಸಿದ ಮೇಲೆ ಒಂದೊಂದೇ ಸೋರಲು ಶುರು.

ನನ್ನ ಕೈಗೆ ಬರುವ ಕಾರುಗಳಲ್ಲಿ ವರ್ಷಕ್ಕೆ ನಾಲ್ಕೈದು ಸಾವಿರ ಕಿ.ಮೀ. ಓಡುವವು ಸುಮ್ನೆ ಆಯಿಲ್ ಬದಲಿಸಿಕೊಂಡು ಹೋಗುತ್ತವೆ. ವರ್ಷಕ್ಕೊಮ್ಮೆ ಟ್ರೇಲರ್ ಮೇಲೆ ಬರುವವಕ್ಕೇ ಕೆಲಸ ಜಾಸ್ತಿ.

ಬಿಸಿಲುಗುದುರೆ

ಕೆಲಸ ಜಾಸ್ತಿ ಇರಬಹುದು, ಮಾರುಕಟ್ಟೆ ನೋಡುವುದು ಮೀಟರ್ ಅನ್ನೇ. ನೀವು ಮೆಕ್ಯಾನಿಕ್ ಕಣ್ಣಲ್ಲಿ ನೋಡುತ್ತೀರಿ, ನಾನು ಮಾರುವವನ ಕಣ್ಣಲ್ಲಿ.

ರೆಡ್‌ಲೈನ್

ಕೊಳ್ಳುವ ಮುಂಚೆಯೇ ಮಾರುವ ಲೆಕ್ಕ! ಮುಂದಿನ ಮಾಲೀಕನಿಗೋಸ್ಕರ ಕಾರು ಕಾಪಾಡಿ ಇಟ್ಟು, ನೀವು ಅದರ ವಾಚ್‌ಮನ್ ಆಗಿರುತ್ತೀರಾ?

ಬಿಸಿಲುಗುದುರೆ

ವಾಚ್‌ಮನ್ ಆದರೂ ಲಾಭದಲ್ಲಿರುತ್ತೇನೆ.

ನಾಜೂಕಯ್ಯ

ಮಧ್ಯೆ ಬಾಯಿ ಹಾಕುತ್ತೇನೆ. ಯಾರೂ ಹೋಂಡಾ ಎನ್‌ಎಸ್‌ಎಕ್ಸ್ ಹೆಸರೇ ಎತ್ತಲಿಲ್ಲ. 1990ರಲ್ಲಿ ಬಂತು, ಪೂರ್ತಿ ಅಲ್ಯೂಮಿನಿಯಂ ಮೈ, ವಿ6. ಕೀ ಹಾಕಿದರೆ ಸ್ಟಾರ್ಟ್ ಆಗುತ್ತದೆ, ಪ್ರತಿ ಸಲ. ಮೆಕ್‌ಲಾರೆನ್ ಎಫ್1 ವಿನ್ಯಾಸ ಮಾಡುವಾಗ ಗಾರ್ಡನ್ ಮರ್ರಿ ಕಣ್ಣ ಮುಂದೆ ಇಟ್ಟುಕೊಂಡಿದ್ದು ಇದನ್ನೇ.

ಫ್ಲಾಟ್‌ಸಿಕ್ಸ್

ಒಳ್ಳೆಯ ಕಾರು, ಒಪ್ಪುತ್ತೇನೆ. ಆದರೆ ಬೆಲೆ ಈಗ ಎಲ್ಲಿಗೋ ಹೋಗಿದೆ. ಜೊತೆಗೆ ಅದರಲ್ಲಿರುವುದೂ ಟೈಮಿಂಗ್ ಬೆಲ್ಟೇ. ಮೊದಮೊದಲ ಮ್ಯಾನ್ಯುಯಲ್ ಗೇರ್‌ಬಾಕ್ಸ್‌ಗಳಲ್ಲಿ ಸ್ನ್ಯಾಪ್ ರಿಂಗ್ ಮುರಿಯುವ ಕಥೆಯೂ ಇದೆ.

ಸುಮ್ನೆಓದುಗ

ಲೋಟಸ್ ಎಲೀಸ್? ಟೊಯೋಟಾ ಎಂಜಿನ್, 900 ಕಿಲೊ ಒಳಗಿನ ತೂಕ, ಬೆಲೆಯೂ ಕಡಿಮೆ.

ಸ್ಪ್ಯಾನರ್

ಓಡಿಸಲು ಅದ್ಭುತ. ಆದರೆ ಮುಂಭಾಗದ ಇಡೀ ಮೈ ಒಂದೇ ಫೈಬರ್ ತುಂಡು. ಪಾರ್ಕಿಂಗ್‌ನಲ್ಲಿ ಯಾರೋ ಒಂದು ಮೂಲೆ ತಾಗಿಸಿದರೂ ಇಡೀ ತುಂಡಿನ ಲೆಕ್ಕ ಬರುತ್ತದೆ. ಮತ್ತೆ ಹತ್ತಿ ಇಳಿಯುವುದನ್ನು ಒಂದು ಸಲ ಅಂಗಡಿಯಲ್ಲೇ ಅಭ್ಯಾಸ ಮಾಡಿ ನೋಡಿ. ಮೊಣಕಾಲು ನೋವಿರುವವರು ಪ್ರಯತ್ನಿಸಬೇಡಿ.

ರಾತ್ರಿಪಾಳಿ

ಎಲೀಸ್‌ನಿಂದ ಇಳಿಯಲು ನನಗೆ ಗೊತ್ತಿರುವ ಒಂದೇ ದಾರಿ: ಮೊದಲು ಕೈ ನೆಲಕ್ಕೆ ಊರಿ, ಆಮೇಲೆ ಮರ್ಯಾದೆ ಬಿಟ್ಟು ಉರುಳಿ.

ಬಣ್ಣದಳತೆ

ಬಣ್ಣದ ವಿಷಯ ಯಾರೂ ಹೇಳಿಲ್ಲ. ಅಪಘಾತ ಆಗಿದೆಯೋ ಇಲ್ಲವೋ ಅಂತ ಆಯಸ್ಕಾಂತ ಹಿಡಿದು ನೋಡುವ ಹಳೆಯ ಉಪಾಯ ಇಲ್ಲಿ ನಡೆಯುವುದಿಲ್ಲ. ಎಫ್430, ಗಲ್ಲಾರ್ಡೊ ಎರಡರದ್ದೂ ಅಲ್ಯೂಮಿನಿಯಂ ಮೈ, ಬಂಪರ್ ಪ್ಲಾಸ್ಟಿಕ್. ಅಲ್ಯೂಮಿನಿಯಂ ಮೇಲೂ ಅಳೆಯುವ ಪೇಂಟ್ ಗೇಜ್ ಬೇಕು. ಫ್ಯಾಕ್ಟರಿ ಬಣ್ಣ ಸಾಮಾನ್ಯವಾಗಿ 100ರಿಂದ 180 ಮೈಕ್ರಾನ್. ಒಂದು ಬಾಗಿಲಲ್ಲಿ 130, ಪಕ್ಕದ ಫೆಂಡರ್‌ನಲ್ಲಿ 400 ಬಂದರೆ ಮರುಬಣ್ಣ ಆಗಿದೆ, ಕೆಳಗೆ ಪುಟ್ಟಿಯೂ ಇರಬಹುದು. ಮುಂದಿನ ಬಂಪರ್ ಮರುಬಣ್ಣ ಆಗಿದ್ದರೆ ಹೆದರಬೇಡಿ. ಕಲ್ಲು ಸಿಡಿದು ಎಲ್ಲ ಕಾರಿನದ್ದೂ ಆಗಿರುತ್ತದೆ.

ಗೇಜ್ ಇಲ್ಲದಿದ್ದರೆ ಬಾನೆಟ್, ಫೆಂಡರ್ ಬೋಲ್ಟುಗಳ ತಲೆ ನೋಡಿ. ಸ್ಪ್ಯಾನರ್ ಹಾಕಿದ ಗುರುತು ಇದ್ದರೆ ಯಾಕೆ ಬಿಚ್ಚಿದ್ದರು ಅಂತ ಕೇಳಿ. ಉತ್ತರ ಕೊಡುವಾಗ ಅವರ ಮುಖ ನೋಡಿ.

ಮೂರನೇಗೇರ್

ಸಣ್ಣ ಸುದ್ದಿ. ಕೆಂಪು ಕಾರಿನ ಮಾಲೀಕರಿಗೆ ಹೊರಗಿನ ತಪಾಸಣೆ ಬೇಕು ಅಂದೆ. "ನನ್ನ ಕಾರಿಗೆ ಯಾರೂ ಕೈ ಹಾಕಬಾರದು, ಬೇಕಿದ್ದರೆ ತಗೊಳ್ಳಿ, ಇನ್ನೊಬ್ಬರು ನಾಳೆ ಹಣ ತರುತ್ತಿದ್ದಾರೆ" ಅಂದರು. ಫೋನ್ ಇಟ್ಟೆ.

ಲೆಕ್ಕಿಗ

ಆ ಇನ್ನೊಬ್ಬರು ಎಲ್ಲ ಕಾರಿಗೂ ನಾಳೆಯೇ ಹಣ ತರುತ್ತಿರುತ್ತಾರೆ. ಬಹಳ ಶ್ರೀಮಂತ ಮನುಷ್ಯ.

ಬಿಸಿಲುಗುದುರೆ

ಕಾರನ್ನು ಒಮ್ಮೆ ಹೋಗಿ ನೋಡಬಹುದಿತ್ತು. ಕೆಲವರು ನಿಜವಾಗಿಯೂ ಕಾರನ್ನು ಹಾಗೆ ಜೋಪಾನ ಮಾಡುತ್ತಾರೆ.

ಸ್ಪ್ಯಾನರ್

ಜೋಪಾನ ಮಾಡಿದವರು ತಪಾಸಣೆಗೆ ತಾವೇ ಕಾರು ತಂದು, ಲಿಫ್ಟ್ ಕೆಳಗೆ ನಿಂತು, "ಇದು ನೋಡಿದಿರಾ, ಇದು ಹೊಸದು ಹಾಕಿಸಿದ್ದು" ಅಂತ ನಮ್ಮ ತಲೆ ತಿನ್ನುತ್ತಾರೆ. ಇವರು ಆ ಜಾತಿಯಲ್ಲ.

ಹತ್ತುಸಿಲಿಂಡರ್

ಹಾಗಾದರೆ ಗಲ್ಲಾರ್ಡೊ?

ಫ್ಲಾಟ್‌ಸಿಕ್ಸ್

ಹಾಗಾದರೆ 997?

ಮೂರನೇಗೇರ್

ಇಬ್ಬರೂ ಬೈಯಬೇಡಿ. ಇನ್ನೊಂದು ಎಫ್430 ಸಿಕ್ಕಿದೆ. 2007ರದ್ದು, ಬೂದು ಬಣ್ಣ, 41,000 ಕಿ.ಮೀ. ಬೆಲೆ ಕೆಂಪಿನದಕ್ಕಿಂತ ಚೆನ್ನಾಗಿಯೇ ಕಡಿಮೆ. ಮಾಲೀಕರು ಕಾರು ತೋರಿಸುವ ಮುಂಚೆ ಫೈಲು ತೋರಿಸಿದರು. ಎರಡು ದಪ್ಪ ಫೈಲು. ಪ್ರತಿ ವರ್ಷದ ಸರ್ವಿಸ್ ಬಿಲ್, ಕಿ.ಮೀ. ಸಮೇತ. ಟೈರ್ ಬಿಲ್, ಕ್ಲಚ್ ಬಿಲ್, ಎರಡೂ ಪಕ್ಕದ ಮ್ಯಾನಿಫೋಲ್ಡ್ ಬದಲಾಯಿಸಿದ ಬಿಲ್. ಮೂಲ ಟೂಲ್‌ಕಿಟ್, ಪುಸ್ತಕಗಳ ಚರ್ಮದ ಚೀಲ, ಎರಡನೇ ಕೀ ಎಲ್ಲಾ ಇದೆ. ಸ್ವಿಚ್‌ಗಳು ಮಾತ್ರ ಅಂಟಂಟು, ಸ್ಪ್ಯಾನರ್ ಹೇಳಿದ ಹಾಗೇ. ಡ್ರೈವರ್ ಸೀಟಿನ ಅಂಚು ಸವೆದಿದೆ.

ತಪಾಸಣೆಗೆ ಅವರೇ ದಿನ ಕೇಳಿದರು.

ಸ್ಪ್ಯಾನರ್

ಈಗ ಮಾತು ಸರಿ ಹೋಯಿತು. ತಪಾಸಣೆಯಲ್ಲಿ ಇವನ್ನು ಕೇಳಲು ಮರೆಯಬೇಡಿ: ಎಂಟೂ ಸಿಲಿಂಡರಿನ ಲೀಕ್‌ಡೌನ್ ಟೆಸ್ಟ್, ಅಂದರೆ ಒಳಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಅಂತ ನೋಡುವುದು. ಎಲ್ಲಾ ಹತ್ತಿರ ಹತ್ತಿರ ಇರಬೇಕು, ಒಂದು ಮಾತ್ರ ದೂರ ಹೋದರೆ ಪ್ರಶ್ನೆ. ಕ್ಲಚ್ ಸವೆತ, ಪಿಐಎಸ್. ಎಫ್1 ಪಂಪ್ ಎಷ್ಟು ಹೊತ್ತಿಗೊಮ್ಮೆ ಓಡುತ್ತದೆ. ಬಾಗಿಲು ತೆರೆದಾಗ ಝುಂಯ್ ಅಂತ ಕೇಳುವುದು ಅದೇ, ಕಾರು ನಿಂತಿರುವಾಗಲೂ ಮತ್ತೆ ಮತ್ತೆ ಓಡುತ್ತಿದ್ದರೆ ಒತ್ತಡ ಎಲ್ಲೋ ಸೋರುತ್ತಿದೆ. ಒಟ್ಟು ಕಿ.ಮೀ. ಅನ್ನು ಎಂಜಿನ್ ಓಡಿದ ಗಂಟೆಗಳಿಂದ ಭಾಗಿಸಿ ನೋಡಿ, ಸರಾಸರಿ ವೇಗ ನಂಬುವ ಹಾಗಿರಬೇಕು. ಕೆಳಗಿನ ಚಪ್ಪಟೆ ತಟ್ಟೆಗಳನ್ನು ಬಿಚ್ಚಿಸಿ. ಆಯಿಲ್ ಸೋರಿಕೆಯೆಲ್ಲಾ ಅದರ ಮೇಲೇ ನಿಂತಿರುತ್ತದೆ, ನೆಲಕ್ಕೆ ಬೀಳುವುದಿಲ್ಲ.

ಸೆರಾಮಿಕ್ ಬ್ರೇಕ್ ಇದ್ದರೆ ಡಿಸ್ಕ್ ಬಿಚ್ಚಿ ತೂಕ ಹಾಕಿಸಿ. ಕನಿಷ್ಠ ತೂಕ ಎಷ್ಟಿರಬೇಕು ಅಂತ ಡಿಸ್ಕಿನ ಮಧ್ಯಭಾಗದಲ್ಲೇ ಅಚ್ಚು ಹಾಕಿರುತ್ತಾರೆ. ದಪ್ಪ ನೋಡಿ ಹೇಳಲು ಬರುವುದಿಲ್ಲ.

ಬಿಸಿಲುಗುದುರೆ

41,000 ಓಡಿದ ಬೂದು ಕಾರು. ನಾಳೆ ಮಾರಲು ಹೋದಾಗ ನನ್ನನ್ನು ನೆನೆಸಿಕೊಳ್ಳುತ್ತೀರಿ.

ರೆಡ್‌ಲೈನ್

ಬೂದು ಬಣ್ಣವಾ? ಫೆರಾರಿ ಕೆಂಪಲ್ಲದಿದ್ದರೆ ಅದಕ್ಕೆ ಅರ್ಥ ಏನು?

ನಾಜೂಕಯ್ಯ

ಕೆಂಪು ಎಲ್ಲರ ಹತ್ತಿರವೂ ಇದೆ. ಬೂದು, ಕಡುನೀಲಿ ಇಂಥವೇ ಆ ಮೈಯ ಗೆರೆಗಳನ್ನು ತೋರಿಸುವುದು. ಪಕ್ಕದ ಗಾಳಿ ಕಿಂಡಿಯ ಮೇಲೆ ಸಂಜೆ ಬೆಳಕು ಬಿದ್ದಾಗ ನೋಡಿ.

ರೆಡ್‌ಲೈನ್

ಸಂಜೆ ಬೆಳಕಲ್ಲಿ ನನ್ನ ಸ್ಕೂಟರ್ ಕೂಡ ಚೆನ್ನಾಗಿ ಕಾಣುತ್ತದೆ.

ಮೂರನೇಗೇರ್

ತಪಾಸಣೆ ಮುಗಿಯಿತು. ಲೀಕ್‌ಡೌನ್ ಎಂಟರಲ್ಲೂ ಸಮ. ಕ್ಲಚ್ ಸವೆತ ಶೇ. 58, ಬಿಲ್ಲಿನಲ್ಲಿರುವ ಕಿ.ಮೀ. ಜೊತೆ ತಾಳೆಯಾಗುತ್ತದೆ. ಮುಂದಿನ ಬಂಪರ್ ಮರುಬಣ್ಣ, ಮಾಲೀಕರೇ ಮೊದಲೇ ಹೇಳಿದ್ದರು. ಹಿಂದಿನ ಒಂದು ಶಾಕ್ ಸೋರುತ್ತಿದೆ. ಮುಂದಿನ ತುಟಿಯ ಕೆಳಭಾಗ ಪೂರ್ತಿ ಉಜ್ಜಿದೆ, ಅದು ಲಿಫ್ಟ್ ಮೇಲೆ ಏರಿಸಿದಾಗಲೇ ಕಂಡಿದ್ದು. ಬ್ರೇಕ್ ಸ್ಟೀಲ್ ಡಿಸ್ಕ್, ತೂಕದ ತಲೆನೋವಿಲ್ಲ.

ಶಾಕ್ ಮತ್ತು ಕ್ಲಚ್ ತೋರಿಸಿ ಬೆಲೆ ಇಳಿಸಲು ಕೇಳಿದೆ. ಶಾಕ್‌ನದ್ದು ಪೂರ್ತಿ ಒಪ್ಪಿದರು. ಕ್ಲಚ್‌ಗೆ "ಇನ್ನೂ ಓಡುತ್ತದಪ್ಪಾ, ಅದಕ್ಕೆ ನಾನ್ಯಾಕೆ ಕೊಡಲಿ" ಅಂದರು. ನ್ಯಾಯವೇ ಅನ್ನಿಸಿತು. ಮುಂಗಡ ಕೊಟ್ಟಿದ್ದೇನೆ.

ಸ್ಪ್ಯಾನರ್

ಒಳ್ಳೆಯ ಕಾರು. ಶೇ. 58 ಅಂದರೆ ಹತ್ತಿರದಲ್ಲೇ ಖರ್ಚಿದೆ, ಲೆಕ್ಕಿಗರು ಹೇಳಿದ ಹಣ ಮುಟ್ಟಬೇಡಿ. ಏರಿನಲ್ಲಿ ಆಕ್ಸಿಲರೇಟರ್ ಮೇಲೆ ಕಾರು ಹಿಡಿದು ನಿಲ್ಲಿಸಬೇಡಿ, ಬ್ರೇಕ್ ಹಿಡಿಯಿರಿ. ನಿಂತಾಗ ನ್ಯೂಟ್ರಲ್‌ಗೆ ಹಾಕಿ. ಹೊರಡುವಾಗ ಅನುಮಾನ ಪಡದೆ ಒತ್ತಿ, ಅರ್ಧಂಬರ್ಧ ಒತ್ತಿದರೇ ಕ್ಲಚ್ ಉಜ್ಜುವುದು. ಆಯಿಲ್ ಬಿಸಿಯಾಗುವವರೆಗೆ 4,000 ದಾಟಿಸಬೇಡಿ. ಆಯಿಲ್ ಮಟ್ಟ ನೋಡುವುದೂ ಬಿಸಿ ಎಂಜಿನ್ ಓಡುತ್ತಿರುವಾಗಲೇ. ಡ್ರೈ ಸಂಪ್ ಅದು (ಆಯಿಲ್ ಎಂಜಿನ್ ಕೆಳಗಲ್ಲ, ಬೇರೆ ಟ್ಯಾಂಕಿನಲ್ಲಿರುತ್ತದೆ), ತಣ್ಣಗಿರುವಾಗ ನೋಡಿ ಕಡಿಮೆ ಇದೆ ಅಂತ ಸುರಿದುಬಿಟ್ಟರೆ ಮತ್ತೊಂದು ತೊಂದರೆ.

ಲೆಕ್ಕಿಗ

ಇನ್ಶೂರೆನ್ಸ್ ಮಾಡಿಸುವಾಗ ಒಪ್ಪಿದ ಬೆಲೆಯ ಪಾಲಿಸಿ ಕೇಳಿ. ಸಾಮಾನ್ಯ ಪಾಲಿಸಿಯಲ್ಲಿ ಕಾರು ಪೂರ್ತಿ ಹೋದ ದಿನ ಮಾರುಕಟ್ಟೆ ಬೆಲೆ ಎಷ್ಟು ಅಂತ ಜಗಳ ಶುರುವಾಗುತ್ತದೆ. ಮೊದಲೇ ಬೆಲೆ ಬರೆಸಿಕೊಂಡರೆ ಆ ಜಗಳವಿಲ್ಲ. ಫೈಲು, ತಪಾಸಣೆಯ ವರದಿ ಎರಡರ ನಕಲೂ ಅವರಿಗೆ ಕೊಡಿ.

ಫ್ಲಾಟ್‌ಸಿಕ್ಸ್

ಅಭಿನಂದನೆ. ಮೊದಲ ಮಳೆಯಲ್ಲಿ ನನ್ನ ಮಾತು ನೆನಪಾಗುತ್ತದೆ. ತಮಾಷೆ ಅಲ್ಲ, ಒಂದು ದಿನ ಟ್ರ್ಯಾಕ್‌ನಲ್ಲಿ ತರಬೇತಿ ತಗೊಳ್ಳಿ. ಮಧ್ಯದಲ್ಲಿ ಎಂಜಿನ್ ಇರುವ ಕಾರು ತಿರುವಿನಲ್ಲಿ ಆಕ್ಸಿಲರೇಟರ್ ಥಟ್ಟನೆ ಬಿಟ್ಟರೆ ಹಿಂಭಾಗ ಮುಂದೆ ಬರಲು ನೋಡುತ್ತದೆ. ಅದು ಹೇಗಿರುತ್ತದೆ ಅಂತ ಖಾಲಿ ಜಾಗದಲ್ಲಿ ಕಲಿಯುವುದು ಒಳ್ಳೆಯದು. ಸ್ಟೀರಿಂಗ್ ಮೇಲೆ ಓಡಿಸುವ ಮೋಡ್ ಬದಲಿಸುವ ಮನೆತ್ತಿನೊ ಗುಂಡಿಯನ್ನು ಅಲ್ಲಿಯವರೆಗೆ ರೇಸ್‌ಗೆ ತಿರುಗಿಸಬೇಡಿ.

ರಾತ್ರಿಪಾಳಿ

ಫೋಟೋ ಎಲ್ಲಿ?

ಮೂರನೇಗೇರ್

ಕಾರು ಮನೆಗೆ ಬರಲಿ, ಹಾಕುತ್ತೇನೆ. ಗ್ಯಾರೇಜ್ ಬಾಗಿಲಿನ ಮುಂದಿನ ಇಳಿಜಾರು ಅಳೆದು ನೋಡಿದೆ, ಮುಂದಿನ ತುಟಿ ತಾಗುತ್ತದೆ ಅನ್ನಿಸುತ್ತದೆ. ಹಲಗೆ ಹಾಕಿದರೆ ಸಾಕಾ? ಮತ್ತೆ ಬ್ಯಾಟರಿಗೆ ಸದಾ ಚಾರ್ಜರ್ ಹಾಕಿಯೇ ಇಡಬೇಕಾ?

ಸ್ಪ್ಯಾನರ್

ಹಾಕಿಯೇ ಇಡಿ. ಒಂದೆರಡು ವಾರ ಬಿಟ್ಟರೂ ಬ್ಯಾಟರಿ ಇಳಿದುಬಿಡುತ್ತದೆ, ಆಮೇಲೆ ಡ್ಯಾಶ್‌ಬೋರ್ಡ್ ತುಂಬಾ ಎಚ್ಚರಿಕೆ ದೀಪ. ಹಲಗೆ ಎರಡು ಬೇಕು, ಉದ್ದದ್ದು. ಓರೆಯಾಗಿ ಹತ್ತಿಸಿ.

ರೆಡ್‌ಲೈನ್

ಸ್ಟಾರ್ಟ್ ಮಾಡುವ ವಿಡಿಯೊ ಹಾಕಿ. ಕಣ್ಣು ಮುಚ್ಚಿಕೊಂಡು ಕೇಳುತ್ತೇನೆ, ಬೂದು ಬಣ್ಣ ಕಾಣದ ಹಾಗೆ.